ಎರಡು ಗೇಟು, ನಡುವೆ ಒಂದು ಹಳ್ಳ

ಹಳ್ಳದ ಗುಂಟ ಹೋಗುವ ದಾರಿ ಸಪಾಟಾಗಿರುತ್ತದೆ ಎಂದು ನಂಬಿ ಓಡಲು ಹೊರಟೆ. ಸಾಗರದ ಕಡೆಯ ಗುಡ್ಡದ ಊರಿನಲ್ಲಿ ಹುಟ್ಟಿದವನು ಹೀಗೆ ನಂಬಿದ್ದಕ್ಕೆ ಕ್ಷಮೆಯಿಲ್ಲ. ಮೂವತ್ತು ವರ್ಷದ ಬೆಂಗಳೂರು ವಾಸ, ಅದರಲ್ಲಿ ಹನ್ನೆರಡು ವರ್ಷ ಲಾಲ್‌ಬಾಗಿನ ಟಾರು ದಾರಿಯಲ್ಲಿ ಬೆಳಗಿನ ಓಟ. ಕಲಿತದ್ದನ್ನು ಅಂಗಾಲು ಮರೆಯಲು ಅಷ್ಟು ಸಾಕು.

ಜಾಗ ಅಮೆರಿಕದ ಉತ್ತರ ಕ್ಯಾರೊಲಿನಾ ರಾಜ್ಯದ ವಿಲಿಯಂ ಬಿ. ಅಮ್‌ಸ್ಟೆಡ್ ಸ್ಟೇಟ್ ಪಾರ್ಕ್. ರಾಲಿ, ಡರಂ, ಕೇರಿ ಎಂಬ ಮೂರು ಊರುಗಳ ನಡುವೆ ಸುಮಾರು 5,600 ಎಕರೆ ಕಾಡು. ಒಂದು ಬದಿಗೆ ವಿಮಾನ ನಿಲ್ದಾಣ, ಇನ್ನೊಂದು ಬದಿಗೆ ಹೆದ್ದಾರಿ, ಪಕ್ಕದಲ್ಲೇ ಕಲ್ಲುಕ್ವಾರಿ. ರಿಸರ್ಚ್ ಟ್ರಯಾಂಗಲ್ ಪಾರ್ಕಿನ ಕಂಪನಿಗಳಲ್ಲಿ ಕೆಲಸಕ್ಕಿರುವ ನಮ್ಮವರು ಕೇರಿ, ಮಾರಿಸ್‌ವಿಲ್ ಕಡೆ ತುಂಬಿಕೊಂಡಿದ್ದಾರೆ. ಶನಿವಾರ ಬೆಳಿಗ್ಗೆ ಪಾರ್ಕಿಂಗಿನಲ್ಲಿ ಕನ್ನಡ ಕಿವಿಗೆ ಬಿದ್ದರೆ ಯಾರೂ ತಿರುಗಿ ನೋಡುವುದಿಲ್ಲ. ನನ್ನ ಮಗಳೂ ಅಲ್ಲಿಯೇ ಇದ್ದಾಳೆ, ವಾರಕ್ಕೆ ಮೂರು ದಿನ ಈ ಕಾಡಿನಲ್ಲಿ ಓಡುತ್ತಾಳೆ. ಕಳೆದ ನವೆಂಬರಿನಲ್ಲಿ ನಾನು ಹೋದಾಗ ಕರೆದುಕೊಂಡು ಹೋಗಿದ್ದು ಕಂಪನಿ ಮಿಲ್ ಎಂಬ ಸುತ್ತುಹಾದಿಗೆ. ಉದ್ದ 5.8 ಮೈಲಿ, ಅಂದರೆ ಒಂಬತ್ತು ಕಿಲೋಮೀಟರು ಮತ್ತು ಸ್ವಲ್ಪ. ಲಾಲ್‌ಬಾಗಿನ ಲೆಕ್ಕದಲ್ಲಿ ಒಂದು ಗಂಟೆಯ ಕೆಲಸ ಅಂದುಕೊಂಡೆ. ಒಂದೂ ಮುಕ್ಕಾಲು ಗಂಟೆ ಹಿಡಿಯಿತು, ಎರಡು ಸಲ ಬಿದ್ದೆ.

ಹಳ್ಳದ ದಾರಿ ಏಕೆ ಸಪಾಟಲ್ಲ? ನೀರು ಸಪಾಟಾಗಿಯೇ ಹರಿಯುತ್ತದೆ. ಕ್ರ್ಯಾಬ್‌ಟ್ರೀ ಹಳ್ಳ ಅಲ್ಲಲ್ಲಿ ಬಂಡೆಗೆ ಬಡಿದು ಸದ್ದು ಮಾಡುವುದು ಬಿಟ್ಟರೆ ಸೋಮಾರಿಯಂತೆ ಪೂರ್ವಕ್ಕೆ ಹೋಗಿ ನ್ಯೂಸ್ ನದಿ ಸೇರುತ್ತದೆ. ಆದರೆ ಎರಡೂ ಬದಿಯ ಗುಡ್ಡದ ನೀರು ಈ ಹಳ್ಳಕ್ಕೇ ಬರಬೇಕಲ್ಲ. ನೂರಿನ್ನೂರು ಹೆಜ್ಜೆಗೊಂದು ಸಣ್ಣ ಕೊರಕಲು ಅಡ್ಡ ಬರುತ್ತದೆ. ಹಾದಿ ಪ್ರತಿ ಕೊರಕಲಿಗೂ ಇಳಿದು ಏರಬೇಕು. ಒಂದೊಂದು ಏರೂ ಎರಡಾಳು ಎತ್ತರ, ಹೆಚ್ಚೆಂದರೆ ಮೂರಾಳು. ನಕ್ಷೆಯಲ್ಲಿ ಕಾಣುವುದೇ ಇಲ್ಲ. ಒಂಬತ್ತು ಕಿಲೋಮೀಟರಿನಲ್ಲಿ ಅಂಥವು ಎಷ್ಟು ಬಂದವೆಂದು ಎಣಿಸಿದ್ದು ನನ್ನ ತೊಡೆ. ನೀರಿಗೆ ಹತ್ತಿರವಿದ್ದಷ್ಟೂ ಏರಿಳಿತ ಜಾಸ್ತಿ, ಮೇಲಿನ ದಿಣ್ಣೆಯ ನೆತ್ತಿಯ ಮೇಲೆಯೇ ಓಟ ಸಲೀಸು.

ಇಳಿಜಾರಿನ ಬಗ್ಗೆ ಒಂದು ಮಾತು. ಏರಿನಲ್ಲಿ ಉಸಿರು ಕಟ್ಟುತ್ತದೆ, ಇಳಿಯುವಾಗ ಹಾಯೆನಿಸುತ್ತದೆ. ಮೋಸ ಇರುವುದು ಇಲ್ಲಿಯೇ. ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯು ಮೈಭಾರವನ್ನು ತಡೆಯುತ್ತಾ, ತಡೆಯುತ್ತಲೇ ಉದ್ದಕ್ಕೆ ಎಳೆಯಲ್ಪಡುತ್ತದೆ. ಬ್ರೇಕು ಒತ್ತಿಕೊಂಡೇ ಘಾಟಿ ಇಳಿಯುವ ಲಾರಿಯ ಸ್ಥಿತಿ. ಅದರ ನೋವು ಆ ದಿನ ಗೊತ್ತಾಗುವುದಿಲ್ಲ, ಎರಡನೆಯ ದಿನ ಗೊತ್ತಾಗುತ್ತದೆ. ಭಾನುವಾರ ಸುಮ್ಮನಿದ್ದವನು ಸೋಮವಾರ ಮಗಳ ಮನೆಯ ಮೆಟ್ಟಿಲನ್ನು ಗೋಡೆ ಹಿಡಿದು ಹಿಮ್ಮುಖವಾಗಿ ಇಳಿದೆ. ಮೊಮ್ಮಗ ಅದೊಂದು ಆಟವೆಂದು ತಿಳಿದು ತಾನೂ ಹಾಗೆಯೇ ಇಳಿದ.

ಬಿದ್ದ ಕತೆಗೆ ಬರುತ್ತೇನೆ. ಟಾರಿನ ಮೇಲೆ ಒಂದು ಹೆಜ್ಜೆಯಂತೆಯೇ ಮುಂದಿನ ಸಾವಿರ ಹೆಜ್ಜೆ. ಪಾದ ಒಂದೇ ಕೋನದಲ್ಲಿ ಬೀಳುತ್ತದೆ, ಮನಸ್ಸು ಎಲ್ಲೆಲ್ಲೋ ತಿರುಗಿ ಬರಬಹುದು. ಎಷ್ಟೋ ಅಂಕಣಗಳನ್ನು ನಾನು ಲಾಲ್‌ಬಾಗಿನ ಕೆರೆ ಏರಿಯ ಮೇಲೆ ಬರೆದು ಮುಗಿಸಿದ್ದೇನೆ. ಕಾಡುಹಾದಿಯಲ್ಲಿ ಒಂದು ಹೆಜ್ಜೆ ಬೇರಿನ ಮೇಲೆ, ಮುಂದಿನದು ಕಲ್ಲಿನ ಓರೆಯ ಮೇಲೆ, ಅದರ ಮುಂದಿನದು ಎಲೆಯ ಅಡಿಯಲ್ಲಿ ಏನಿದೆಯೋ ಅದರ ಮೇಲೆ. ಹಿಮ್ಮಡಿಗಂಟಿನ ಸುತ್ತ ಇರುವ, ಪೇಟೆಯ ಬದುಕಿನಲ್ಲಿ ಕೆಲಸವೇ ಇಲ್ಲದ ಪುಟ್ಟ ಸ್ನಾಯುಗಳಿಗೆಲ್ಲ ಒಮ್ಮೆಲೇ ಕರೆ ಬರುತ್ತದೆ. ನನ್ನ ತಲೆಯಲ್ಲಿ ಇದೇ ಲೇಖನದ ಮೊದಲ ವಾಕ್ಯ ಓಡುತ್ತಿತ್ತು. ಬೀಚ್ ಮರದ ಬೇರಿಗೆ ಶೂವಿನ ತುದಿ ತಗುಲಿತು.

"ಅಪ್ಪ, ಕಾಲು ಎತ್ತಿ ಹಾಕು ಅಂತ ಎಷ್ಟು ಸಲ ಹೇಳ್ಲಿ?" ಎಂದಳು ಮಗಳು. ಇದೇ ಮಾತನ್ನು ಅವಳಿಗೆ ಎರಡು ವರ್ಷವಿದ್ದಾಗ ಅಂಗಳದಲ್ಲಿ ನಾನು ಹೇಳಿದ್ದೆ.

ಅವಳು ಹೇಳಿಕೊಟ್ಟ ಪಾಠ ಇಷ್ಟು. ಕಾಲ ಬುಡ ನೋಡಬೇಡ, ಅದು ಆಗಿಹೋದ ವಿಚಾರ. ಮೂರು ನಾಲ್ಕು ಮೀಟರು ಮುಂದೆ ನೋಡು, ಕಣ್ಣು ಕಂಡದ್ದನ್ನು ಕಾಲು ನೆನಪಿಟ್ಟುಕೊಳ್ಳುತ್ತದೆ. ಹೆಜ್ಜೆ ಗಿಡ್ಡವಿರಲಿ. ಉದ್ದ ಹೆಜ್ಜೆ ಜಾರಿದರೆ ಮೈ ಜಾರುತ್ತದೆ, ಗಿಡ್ಡ ಹೆಜ್ಜೆ ಜಾರಿದರೆ ಇನ್ನೊಂದು ಹೆಜ್ಜೆ ತಯಾರಿರುತ್ತದೆ. ತೋಳು ಸ್ವಲ್ಪ ಅಗಲಕ್ಕಿರಲಿ. ಹಸಿ ಬೇರು ಮತ್ತು ಹಸಿ ಹಲಗೆಯ ಮೇಲೆ ತಿರುಗಬೇಡ, ನೇರ ದಾಟು. ಕಡಿದಾದ ಏರನ್ನು ನಡೆದೇ ಹತ್ತು, ಇಲ್ಲಿ ಅದಕ್ಕೆ ಯಾರೂ ನಗುವುದಿಲ್ಲ. ಗಡಿಯಾರ ನೋಡಬೇಡ. ಮರದ ಚಪ್ಪರದ ಕೆಳಗೆ, ಹಾದಿ ಹಾವಿನಂತೆ ತಿರುಗುವಲ್ಲಿ, ಕೈಗಡಿಯಾರದ ಜಿಪಿಎಸ್ ತಿರುವುಗಳನ್ನು ಕತ್ತರಿಸಿ ದೂರವನ್ನು ಕಡಿಮೆ ತೋರಿಸುತ್ತದೆ. ಈ ಕೊನೆಯದನ್ನು ಕೇಳಿ ನನಗೆ ಸಮಾಧಾನವಾಯಿತು.

ಹಿಂದಿನಿಂದ ಬಂದವರು ಎಡಗಡೆಯಿಂದ ದಾಟುತ್ತೇವೆಂದು ಕೂಗಿ ಹೇಳುತ್ತಾರೆ. ನೀರಿನ ಸದ್ದಿರುವ ಕಡೆ ಆ ಕೂಗೂ ಕೇಳಿಸುವುದಿಲ್ಲ. ಆಗ ನಿಂತು ದಾರಿ ಬಿಡುವುದೇ ಮರ್ಯಾದೆ.

ಬೇರುಗಳೇಕೆ ಹೀಗೆ ಮೇಲೆದ್ದಿವೆ ಎಂದು ಕೇಳಿದರೆ ಕಾಡಿನ ಕತೆ ಶುರುವಾಗುತ್ತದೆ. ಇಲ್ಲಿಯ ಮಣ್ಣು ಕೆಂಪು. ಕೋಲಾರದ ಹೊಲದಲ್ಲಿ ಕಾಣುವ ಕೆಂಪೇ, ಕಾರಣವೂ ಅದೇ, ಕಬ್ಬಿಣದ ತುಕ್ಕು. ಆದರೆ ಹದ ಬೇರೆ. ಇದು ಜೇಡಿ, ಒದ್ದೆಯಾದರೆ ಹೆಂಚಿನ ಕಾರ್ಖಾನೆಗೆ ಕೊಡಬಹುದಾದ ಮಣ್ಣು. ನಾವು ಓಡುತ್ತಿರುವುದು ನೆಲದ ಮೇಲ್ಪದರದ ಮೇಲಲ್ಲ, ಅದರ ಕೆಳಗಿನ ಪದರದ ಮೇಲೆ. ಮೇಲಿನದು ಎಂದೋ ತೊಳೆದುಹೋಯಿತು. ಇಂದು ದಟ್ಟ ಕಾಡಾಗಿ ಕಾಣುವ ಈ ಜಾಗ ನೂರು ವರ್ಷದ ಹಿಂದೆ ಹೊಲ. ಅರಣ್ಯ ಕಡಿದು, ವರ್ಷದ ಮೇಲೆ ವರ್ಷ ಹತ್ತಿಯಂಥ ಒಂದೇ ಬೆಳೆ ಹಾಕಿ, ಇಳಿಜಾರನ್ನು ಉತ್ತು ಉತ್ತು ಮಣ್ಣನ್ನು ಹಳ್ಳಕ್ಕೆ ಕಳಿಸಿದರು. ಹಳ್ಳದ ದಂಡೆಯಲ್ಲಿ ಹಿಟ್ಟಿನ ಗಿರಣಿಗಳಿದ್ದವು. ಕಂಪನಿ ಮಿಲ್ ಎಂಬ ಹೆಸರು ಬಂದದ್ದು ಅಂಥ ಒಂದರಿಂದ. ಅದರ ಒಡ್ಡಿನ ಕಲ್ಲುಗಳು ನೀರಿನಲ್ಲಿ ಇನ್ನೂ ಕಾಣುತ್ತವೆ, ಬೀಸುವ ಕಲ್ಲೊಂದು ಹಾದಿಯ ಪಕ್ಕದಲ್ಲಿಯೇ ಬಿದ್ದಿದೆ. ಕಾಡಿನ ನಡುವೆ ಹಳೆಯ ಮನೆತನಗಳ ಸಮಾಧಿಗಳೂ ಇವೆ.

ಮಹಾ ಆರ್ಥಿಕ ಕುಸಿತದ ಕಾಲಕ್ಕೆ ಈ ಹೊಲಗಳಿಂದ ಹೊಟ್ಟೆ ತುಂಬುವುದು ನಿಂತುಹೋಗಿತ್ತು. 1934ರಲ್ಲಿ ಸರ್ಕಾರ ಸುಮಾರು 5,000 ಎಕರೆ ಕೊಂಡಿತು, ಸವೆದ ಭೂಮಿಯನ್ನು ಜನರ ವಿಹಾರಕ್ಕೆ ಕಾಡು ಮಾಡಿ ತೋರಿಸುತ್ತೇವೆ ಎಂಬ ಯೋಜನೆಯಡಿ. ಕೆಲಸವಿಲ್ಲದ ಯುವಕರಿಗೆ ರೂಸ್‌ವೆಲ್ಟ್ ಸರ್ಕಾರ ಕಟ್ಟಿದ್ದ ದಳದವರು ಬಂದು ದಾರಿ, ಸೇತುವೆ, ಶಿಬಿರದ ಮನೆಗಳನ್ನು ಕಟ್ಟಿದರು. 1937ರಲ್ಲಿ ಜನರಿಗೆ ತೆರೆದರು. 1943ರಲ್ಲಿ ಕೇಂದ್ರ ಸರ್ಕಾರ ಇಡೀ ಜಾಗವನ್ನು ರಾಜ್ಯಕ್ಕೆ ಮಾರಿತು. ಬೆಲೆ ಒಂದು ಡಾಲರು.

ಹೊಲ ಕಾಡಾದ ಬಗೆಯನ್ನು ಕಣ್ಣಿಗಿಂತ ಚೆನ್ನಾಗಿ ಕಾಲು ಓದುತ್ತದೆ, ಈ ಓಟದಲ್ಲಿ ನನಗೆ ಹಿಡಿಸಿದ್ದು ಅದೇ. ಉಳುಮೆ ಬಿಟ್ಟ ಬಯಲಿಗೆ ಮೊದಲು ಬರುವುದು ಪೈನ್. ಬಿಸಿಲು ಬೇಕೆನ್ನುವ ಮರ ಅದು, ತನ್ನದೇ ನೆರಳಿನಲ್ಲಿ ತನ್ನ ಸಸಿ ಬದುಕುವುದಿಲ್ಲ. ಆ ನೆರಳಿನಲ್ಲಿ ಓಕ್, ಹಿಕರಿ, ಬೀಚ್ ಏಳುತ್ತವೆ, ಮುದಿ ಪೈನ್ ಬಿದ್ದಂತೆ ಅವು ಜಾಗ ಹಿಡಿಯುತ್ತವೆ. ದಿಣ್ಣೆಯ ಮೇಲೆ ಓಡುವಾಗ ಅಡಿಯಲ್ಲಿ ಮೆತ್ತಗೆ, ಸದ್ದಿಲ್ಲ. ಅದು ಪೈನಿನ ಸೂಜಿ ಎಲೆಗಳ ಹಾಸು. ಸ್ವಲ್ಪ ಇಳಿದರೆ ಸ್ವೀಟ್‌ಗಮ್ ಮರದ ಮುಳ್ಳುಕಾಯಿಗಳು ಗೋಲಿಯಂತೆ ಶೂವಿನಡಿ ಉರುಳುತ್ತವೆ. ಇನ್ನೂ ಇಳಿದರೆ ಬೀಚ್ ಮರಗಳ ಇಳಿಜಾರು, ಆನೆಯ ಕಾಲಿನಂಥ ಬೂದು ಕಾಂಡ, ನೆಲದ ಮೇಲೆಯೇ ಹರಡಿದ ಬೇರು. ಕೆಳಗೆ ಹಳ್ಳದ ಪಾತಳಿಯಲ್ಲಿ ಮರಳು ಬೆರೆತ ಒಂಡು, ಪಕ್ಕದಲ್ಲಿ ತೊಗಟೆ ಸುಲಿದು ಬೆಳ್ಳಗಾದ ಸಿಕಮೋರ್. ಕಣ್ಣು ಕಟ್ಟಿ ಓಡಿಸಿದರೂ ಎತ್ತರ ಎಷ್ಟೆಂದು ಹೇಳಬಹುದು. ಓಡಿಸಬಾರದು, ಅಷ್ಟೆ.

ಬೀಚ್ ಮರಕ್ಕೆ ಒಂದು ವಿಚಿತ್ರ ಅಭ್ಯಾಸವಿದೆ. ಉಳಿದವು ಎಲೆ ಉದುರಿಸಿ ಬೋಳಾದ ಮೇಲೂ ಎಳೆಯ ಬೀಚ್‌ಗಳು ಒಣಗಿದ ಎಲೆಯನ್ನು ವಸಂತದವರೆಗೆ ಬಿಡುವುದಿಲ್ಲ. ಹದವಾಗಿ ಸುಟ್ಟ ದೋಸೆಯ ಬಣ್ಣದ ತೆಳ್ಳನೆಯ ಎಲೆ. ಗಾಳಿ ಬೀಸಿದರೆ ಹಳೆಯ ಪತ್ರಿಕೆ ಮಗುಚಿದ ಸದ್ದು. ಕಾಡೆಲ್ಲ ಖಾಲಿಯಾಗಿರುವಾಗ ಅವೊಂದು ಮಾತಾಡುತ್ತಿರುತ್ತವೆ. ಈ ಪಾರ್ಕಿನೊಳಗಿನ ಬೀಚ್ ಕಾಡಿನ ಒಂದು ತುಂಡು 1974ರಿಂದ ರಾಷ್ಟ್ರೀಯ ನೈಸರ್ಗಿಕ ಹೆಗ್ಗುರುತು. 1996ರ ಸೆಪ್ಟೆಂಬರಿನಲ್ಲಿ ಫ್ರ್ಯಾನ್ ಎಂಬ ಚಂಡಮಾರುತ ರಾಲಿಯ ಮೇಲೆ ಹಾದುಹೋದಾಗ ಇಲ್ಲಿಯ ಮರಗಳು ಸಾಲುಸಾಲಾಗಿ ಮಲಗಿದವು.

ಮತ್ತೆ ಬೇರಿನ ಪ್ರಶ್ನೆಗೆ. ಕಾಲು ತುಳಿದ ಕಡೆ ಎಲೆ ನಿಲ್ಲುವುದಿಲ್ಲ, ಎಲೆ ಇಲ್ಲದ ಕಡೆ ಮಳೆ ಮಣ್ಣನ್ನು ಎಬ್ಬಿಸುತ್ತದೆ, ಹಾದಿ ಸುತ್ತಲಿನ ನೆಲಕ್ಕಿಂತ ತಗ್ಗಾಗುತ್ತದೆ, ತಗ್ಗಾದ ಮೇಲೆ ಮಳೆನೀರಿಗೆ ಅದೇ ಕಾಲುವೆ. ಬೇರು ಬಯಲಾಗುತ್ತದೆ. ತಡೆಯಲು ಹಾದಿಗೆ ಅಡ್ಡಲಾಗಿ, ಸ್ವಲ್ಪ ಓರೆಯಾಗಿ ಮರದ ದಿಮ್ಮಿ ಹೂತಿರುತ್ತಾರೆ. ನೀರನ್ನು ಪಕ್ಕಕ್ಕೆ ತಿರುಗಿಸುವ ಉಪಾಯ, ನಮ್ಮ ಅಡಿಕೆ ತೋಟದವರಿಗೆ ಹೊಸದಲ್ಲ. ಅದರ ಮೇಲೆ ಕಾಲಿಡಬಾರದು, ಜಾರುತ್ತದೆ, ದಾಟಬೇಕು.

ಇದರಿಂದಲೇ ಹುಟ್ಟಿದ ಇನ್ನೊಂದು ಪದ್ಧತಿ ನನಗೆ ಮೊದಲು ಹುಚ್ಚೆನಿಸಿತ್ತು. ಹಾದಿಯ ನಡುವೆ ಕೆಸರಿದ್ದರೆ ಪಕ್ಕಕ್ಕೆ ಸರಿದು ದಾಟಬಾರದಂತೆ, ಕೆಸರಿನ ನಟ್ಟನಡುವೆಯೇ ಹೋಗಬೇಕಂತೆ. ಶೂ ಉಳಿಸಿಕೊಳ್ಳಲು ನೂರು ಜನ ಪಕ್ಕದ ಹುಲ್ಲು ತುಳಿದರೆ ಒಂದಡಿಯ ಹಾದಿ ಒಂದು ತಿಂಗಳಲ್ಲಿ ಮೂರಡಿಯಾಗುತ್ತದೆ, ಕೆಸರೂ ಅಷ್ಟೇ ಅಗಲವಾಗುತ್ತದೆ. ಕುದುರೆಮುಖ, ಕುಮಾರಪರ್ವತದ ಚಾರಣದ ದಾರಿಗಳು ಮಳೆಗಾಲದ ಕೊನೆಗೆ ಹೇಗಿರುತ್ತವೆ ಎಂದು ಕಂಡವರು ಯೋಚಿಸಲಿ. ನಾನಂತೂ ಹದಿನಾಲ್ಕು ಸಾವಿರ ರೂಪಾಯಿಯ ಶೂವನ್ನು ಕಣ್ಣು ಮುಚ್ಚಿ ಕೆಂಪು ರಾಡಿಗೆ ಇಳಿಸಿದೆ.

ಅಪಾಯಗಳನ್ನು ಹೇಳದೆ ಬಿಟ್ಟರೆ ಓದುಗರ ಮನೆಯವರು ಬೈದಾರು. ಇಲ್ಲಿ ಕಾಪರ್‌ಹೆಡ್ ಎಂಬ ವಿಷದ ಹಾವಿದೆ. ಒಣಗಿದ ಎಲೆಯ ನಡುವೆ ಎಲೆಯಂತೆಯೇ ಇರುತ್ತದೆ, ನಮ್ಮ ಕೊಳಕುಮಂಡಲದಷ್ಟು ಕೇಡಿನದಲ್ಲ, ಚಳಿಗೆ ಒಳಗೆ ಸೇರಿಕೊಳ್ಳುತ್ತದೆ. ಪಾಯ್ಸನ್ ಐವಿ ಎಂಬ ಬಳ್ಳಿಯಿದೆ, ಮೂರು ಮೂರು ಎಲೆಯದು. ಅದು ಗೇರಿನ ಕುಟುಂಬಕ್ಕೆ ಸೇರಿದ್ದು. ಹಸಿ ಗೇರುಬೀಜದ ಸಿಪ್ಪೆಯ ಎಣ್ಣೆಯಿಂದ ಬಾಲ್ಯದಲ್ಲಿ ತುಟಿ ಸುಟ್ಟುಕೊಂಡವರಿಗೆ ಇದರ ಗುಣ ವಿವರಿಸಬೇಕಿಲ್ಲ. ಎಲೆ ಉದುರಿದ ಮೇಲೂ ಮರಕ್ಕೆ ಹಬ್ಬಿದ ಕೂದಲು ಕೂದಲಾದ ಹಗ್ಗದಂಥ ಬಳ್ಳಿ ಮುಟ್ಟಿದರೂ ಸಾಕು. ಬಿದ್ದಾಗ ಹಿಡಿದುಕೊಳ್ಳಲು ಕೈಗೆ ಸಿಗುವುದು ಅದೇ.

ಎಲ್ಲಕ್ಕಿಂತ ಚಿಕ್ಕದು ಉಣುಗು. ಉಣುಗು ಎಂದರೆ ನಮ್ಮ ಸೀಮೆಯವರ ಎದೆ ಈಗಲೂ ಝಲ್ಲೆನ್ನುತ್ತದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆ ಉಣುಗಿನಿಂದಲೇ ಬರುವುದು. ಕ್ಯಾರೊಲಿನಾದ ಉಣುಗಿನದು ಬೇರೆ ತಂಟೆ. ಬೆನ್ನ ಮೇಲೆ ಒಂದು ಬಿಳಿ ಚುಕ್ಕಿಯಿರುವ ಜಾತಿ ಕಚ್ಚಿದರೆ ಕೆಲವರಿಗೆ ದನ, ಹಂದಿ, ಕುರಿಯ ಮಾಂಸ ಒಗ್ಗದಂತಾಗುತ್ತದೆ. ಊಟವಾಗಿ ಕೆಲವು ಗಂಟೆಗಳ ಮೇಲೆ ಮೈಯೆಲ್ಲ ದದ್ದು, ಕೆಲವೊಮ್ಮೆ ಪ್ರಾಣಕ್ಕೇ ಸಂಚಕಾರ. ಸಸ್ಯಾಹಾರಿಗಳಿಗೆ ಚಿಂತೆಯಿಲ್ಲವಲ್ಲ ಎಂದೆ. ಕೆಲವರಿಗೆ ಹಾಲು ತುಪ್ಪವೂ ಆಗುವುದಿಲ್ಲವಂತೆ ಎಂದಳು ಮಗಳು. ಮನೆಗೆ ಹೋದವನೇ ಮಂಡಿಯ ಹಿಂಭಾಗ, ಸೊಂಟದ ಪಟ್ಟಿ ಎಲ್ಲ ಹುಡುಕಿಸಿಕೊಂಡೆ.

ಇಷ್ಟು ಪರಿಶ್ರಮದ ಹಾದಿಯಾದರೂ ಈ ಪಾರ್ಕಿನ ದೊಡ್ಡ ಓಟ ನಡೆಯುವುದು ಇದರ ಮೇಲಲ್ಲ. 1990ರ ದಶಕದಿಂದ ಇಲ್ಲಿ ಅಮ್‌ಸ್ಟೆಡ್ 100 ಎಂಬ ನೂರು ಮೈಲಿ ಓಟ ನಡೆಯುತ್ತಿದೆ. 12.5 ಮೈಲಿಯ ಸುತ್ತನ್ನು ಎಂಟು ಸಲ ಸುತ್ತಬೇಕು, ಮೂವತ್ತು ಗಂಟೆಯೊಳಗೆ. ಅದಕ್ಕೆ ಕುದುರೆ, ಸೈಕಲ್ಲು ಹೋಗುವ ಅಗಲವಾದ ಜಲ್ಲಿ ದಾರಿ. ನಡುರಾತ್ರಿ ಎಂಬತ್ತನೆಯ ಮೈಲಿಯಲ್ಲಿರುವವನಿಗೆ ಬೀಚ್ ಬೇರು ತೋರಿಸುವುದು ಕೊಲೆಯತ್ನವೇ ಸರಿ. ನಮ್ಮಲ್ಲೂ 2016ರಿಂದ ಕಾಫಿ ತೋಟಗಳ ನಡುವೆ ಮಲ್ನಾಡ್ ಅಲ್ಟ್ರಾ ಓಟ ನಡೆಯುತ್ತಿದೆ, ಅಲ್ಲಿ ಬೇರಿನ ಜೊತೆ ಇಂಬಳವೂ ಇದೆ.

ಇನ್ನು ಗೇಟಿನ ವಿಚಾರ. ಪಾರ್ಕಿಗೆ ಎರಡು ಮುಖ್ಯ ಗೇಟು. ದಕ್ಷಿಣದ್ದು ರೀಡಿ ಕ್ರೀಕ್ ಕಡೆಯದು, ನಾವು ಹೋಗಿದ್ದು ಅಲ್ಲಿಂದ. ಉತ್ತರದ್ದು ಗ್ಲೆನ್‌ವುಡ್ ಅವೆನ್ಯೂ ಕಡೆಯದು, ಕ್ರ್ಯಾಬ್‌ಟ್ರೀ ವಿಭಾಗ. ಒಂದು ಗೇಟಿನಿಂದ ಇನ್ನೊಂದಕ್ಕೆ ಪಾರ್ಕಿನೊಳಗೆ ಕಾರಿನಲ್ಲಿ ಹೋಗಲಾಗುವುದಿಲ್ಲ. ನಕ್ಷೆ ನೋಡಿದಾಗ ಕಾಡು ಉಳಿಸಲು ಹೀಗೆ ಮಾಡಿದ್ದಾರೆ ಎಂದು ಮೆಚ್ಚಿಕೊಂಡಿದ್ದೆ. ಕಾರಣ ಅದಲ್ಲ. 1950ರಲ್ಲಿ ಸಾವಿರಕ್ಕೂ ಹೆಚ್ಚು ಎಕರೆಯನ್ನು ಬೇರ್ಪಡಿಸಿ ರೀಡಿ ಕ್ರೀಕ್ ಸ್ಟೇಟ್ ಪಾರ್ಕ್ ಎಂದು ಹೆಸರಿಟ್ಟು ಕಪ್ಪು ಜನರಿಗೆ ಕೊಟ್ಟರು. ಉಳಿದದ್ದು ಬಿಳಿಯರದು. ಬೇರೆಯಾದರೂ ಸಮಾನ ಎಂಬುದು ಆಗಿನ ಕಾನೂನಿನ ಭಾಷೆ. ಎರಡು ಲೋಟದ ಹೋಟೆಲು ಕಂಡ ನಾಡಿನವರಿಗೆ ಈ ಸಮಾನತೆ ಅರ್ಥವಾಗುತ್ತದೆ. 1955ರಲ್ಲಿ ಬಿಳಿಯರ ಭಾಗಕ್ಕೆ, ಹಿಂದಿನ ವರ್ಷ ಅಧಿಕಾರದಲ್ಲಿದ್ದಾಗಲೇ ತೀರಿಕೊಂಡ ರಾಜ್ಯಪಾಲ ಅಮ್‌ಸ್ಟೆಡ್ಡರ ಹೆಸರಿಟ್ಟರು. 1966ರಲ್ಲಿ ಎರಡನ್ನೂ ಸೇರಿಸಿ ಎಲ್ಲರಿಗೂ ತೆರೆದರು. ಹೆಸರು ಒಂದಾಯಿತು, ಕಾರಿನ ದಾರಿ ಒಂದಾಗಲಿಲ್ಲ.

ಹಳ್ಳಕ್ಕೂ ಇಂಥ ಇನ್ನೊಂದು ಕತೆ ಅಂಟಿದೆ. ನೀರು ತಿಳಿಯಾಗಿದೆ ಎಂದು ಮುಖ ತೊಳೆಯಲು ಬಗ್ಗಿದೆ, ಮಗಳು ತಡೆದಳು. ವಿಮಾನ ನಿಲ್ದಾಣದ ಹತ್ತಿರವಿದ್ದ ಟ್ರಾನ್ಸ್‌ಫಾರ್ಮರ್ ದುರಸ್ತಿ ಕಂಪನಿಯೊಂದರ ಅಂಗಳದಿಂದ ಪಿಸಿಬಿ ಎಂಬ ವಿಷದ ಎಣ್ಣೆ ಸೋರಿ ತೊರೆಗಳ ಮೂಲಕ ಈ ಹಳ್ಳಕ್ಕೆ ಸೇರಿತ್ತು. ಮೀನು ತಿನ್ನಬೇಡಿ, ಕಡಿಮೆ ತಿನ್ನಿ ಎಂಬ ಎಚ್ಚರಿಕೆಗಳು ಅದರಿಂದ ಬಂದವು. 1978ರಲ್ಲಿ ಅದೇ ಕಂಪನಿಯ ಎಣ್ಣೆಯನ್ನು ರಾತ್ರಿ ಹೊತ್ತು ಕದ್ದುಮುಚ್ಚಿ ರಾಜ್ಯದ 240 ಮೈಲಿ ರಸ್ತೆಗಳ ಪಕ್ಕದಲ್ಲಿ ಸುರಿದು ಹೋದರು. ಆ ಮಣ್ಣನ್ನು ಬಗೆದು ಹೂಳಲು ಸರ್ಕಾರ ಆರಿಸಿದ್ದು ವಾರನ್ ಕೌಂಟಿ. ಅಲ್ಲಿದ್ದವರು ಹೆಚ್ಚಿನವರು ಕಪ್ಪು ಜನ, ಬಡವರು. 1982ರಲ್ಲಿ ಲಾರಿಗಳ ಮುಂದೆ ಮಲಗಿ ಪ್ರತಿಭಟಿಸಿದರು, ಐನೂರಕ್ಕೂ ಹೆಚ್ಚು ಮಂದಿಯ ಬಂಧನವಾಯಿತು. ಕಸ ಯಾರ ಮನೆ ಮುಂದೆ ಬೀಳುತ್ತದೆ ಎಂಬ ಪ್ರಶ್ನೆಯನ್ನು ಅಮೆರಿಕದ ಪರಿಸರ ಚಳವಳಿ ಗಟ್ಟಿಯಾಗಿ ಕೇಳತೊಡಗಿದ್ದು ಅಲ್ಲಿಂದ. ಮುಖವನ್ನು ಬಾಟಲಿ ನೀರಿನಲ್ಲಿ ತೊಳೆದುಕೊಂಡೆ.

ಊರಿಗೆ ಹೊರಡುವ ಹಿಂದಿನ ಶನಿವಾರ ಸುತ್ತು ಬೇಡ, ದಾಟೋಣ ಎಂದೆ. ಅಳಿಯ ನಮ್ಮನ್ನು ರೀಡಿ ಕ್ರೀಕ್ ಗೇಟಿನಲ್ಲಿ ಇಳಿಸಿ ಹೋದ. ಹಿಂದಿನ ರಾತ್ರಿ ಮಳೆ ಬಂದಿತ್ತು. ಗಿರಣಿಯ ಒಡ್ಡಿನ ಕಲ್ಲುಗಳು ಮುಳುಗಿದ್ದವು, ನೀರು ಚಹಾದ ಬಣ್ಣಕ್ಕೆ ತಿರುಗಿತ್ತು. ಸೇತುವೆ ದಾಟಿ, ಕೊರಕಲು ಕೊರಕಲಾಗಿ ಇಳಿದೇರಿ, ಸಿಕಮೋರ್ ಎಂಬ ಇನ್ನೊಂದು ಹಳ್ಳ ಹಿಡಿದು ಉತ್ತರಕ್ಕೆ ಹೋದೆವು. ಒಂದು ವಿಮಾನ ಮರಗಳ ಮೇಲೆ ಎಷ್ಟು ತಗ್ಗಾಗಿ ಹೋಯಿತೆಂದರೆ ಚಕ್ರ ಬಿಚ್ಚಿದ್ದು ಕಂಡಿತು. ನಾನು ಮೇಲೆ ನೋಡಲಿಲ್ಲ, ಮಗಳು ಹೇಳಿದ್ದು. ನನ್ನ ಕಣ್ಣು ನಾಲ್ಕು ಮೀಟರು ಮುಂದಿತ್ತು. ಒಂದೂವರೆ ಗಂಟೆಗೆ ಗ್ಲೆನ್‌ವುಡ್ ಕಡೆಯ ಪಾರ್ಕಿಂಗ್ ತಲುಪಿದೆವು, ಬೀಳದೆ. ಒಂದು ಪಾರ್ಕು ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಗುತ್ತಿತ್ತು ಎಂದು ದಾರಿಯುದ್ದಕ್ಕೂ ಹುಡುಕಿದೆ. ಪೈನ್ ಇತ್ತು, ಬೀಚ್ ಇತ್ತು, ಮತ್ತೆ ಪೈನ್ ಇತ್ತು.

ಅಳಿಯ ಇನ್ನೂ ಬಂದಿರಲಿಲ್ಲ. ಹೆದ್ದಾರಿ ಹಿಡಿದು ಕಾಡನ್ನೆಲ್ಲ ಸುತ್ತಿ ಬರುತ್ತಿದ್ದವನು ಯಾವುದೋ ಸಿಗ್ನಲ್ಲಿನಲ್ಲಿ ಸಿಕ್ಕಿಹಾಕಿಕೊಂಡಿದ್ದ. ಬಂದವನು ನಮ್ಮ ಕಾಲು ನೋಡಿ ಡಿಕ್ಕಿ ತೆಗೆದು ಒಂದು ಪ್ಲಾಸ್ಟಿಕ್ ಚೀಲ ಕೊಟ್ಟ. "ಮಾವ, ಶೂ ಇದರೊಳಗೆ ಹಾಕ್ಬಿಡಿ. ಈ ಮಣ್ಣು ಸೀಟಿಗೆ ಹತ್ತಿದ್ರೆ ಹೋಗಲ್ಲ."